ತಂತಿ ಗೇಜ್, ಶೀಟ್ ಗೇಜ್, ಡ್ಯಾಮ್ ಗೇಜ್: ಇವೆಲ್ಲ ಒಂದೇ ಪದವಾ?

ಮದ್ದೂರು_ತೋಟ:
ಮಂಡ್ಯದ ಅಂಗಡಿಗಳ ಕೊಟೇಶನ್ ನೋಡಿದ್ರೆ ತಲೆ ಕೆಡುತ್ತೆ. ಬೇಲಿ ತಂತಿಯಲ್ಲಿ ಒಂದು ಮೀಟರಿಗೆ 12 ಗೇಜ್‌ಗಿಂತ 14 ಗೇಜ್ ಅಗ್ಗ. ಮಣ್ಣಿಗೆ ಹೊದಿಸೋ ಪ್ಲಾಸ್ಟಿಕ್ ಮಲ್ಚಿಂಗ್ ಶೀಟಲ್ಲಿ ಮಾತ್ರ 80 ಗೇಜ್‌ಗಿಂತ 100 ಗೇಜ್ ದುಬಾರಿ. ಒಂದು ಕಡೆ ನಂಬರ್ ಏರಿದ್ರೆ ಮಾಲು ಸಣ್ಣ, ಇನ್ನೊಂದು ಕಡೆ ದಪ್ಪ. ಹಿಂಗ್ಯಾಕೆ? ಡ್ರಿಪ್ ಫಿಲ್ಟರ್ ಮೇಲಿರೋ ಮುಳ್ಳಿನ ಡಬ್ಬಿನೂ ಗೇಜ್, ರೈಲು ಹಳಿಯಲ್ಲೂ ಗೇಜ್, ಕನ್ನಂಬಾಡಿಯಲ್ಲಿ ನೀರಿನ ಮಟ್ಟ ನೋಡೋದೂ ಗೇಜ್. ಮೂಲ ಅರ್ಥ ಏನು? ಮಾರ್ಟ್‌ಗೇಜ್‌ನಲ್ಲಿರೋ ಗೇಜೂ ಇದೇನಾ?

ನಿಘಂಟು_ಮೈಸೂರು:
ಮೂಲ ಅರ್ಥ ಅಳತೆಗೋಲು. ಉತ್ತರ ಫ್ರಾನ್ಸಿನ ಹಳೇ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಪದ. ಅದರ ಹಿಂದಿನ ಬೇರು ಯಾವುದು ಅನ್ನೋದರಲ್ಲಿ ಪಂಡಿತರಿಗೆ ಒಮ್ಮತ ಇಲ್ಲ. ಮದ್ಯದ ಪೀಪಾಯಿಯಲ್ಲಿ ಎಷ್ಟು ಹಿಡಿಯುತ್ತೆ ಅಂತ ಅಳೆದು ಸುಂಕ ಹಾಕೋ ಅಧಿಕಾರಿಗೆ ಗೇಜರ್ ಅಂತಿದ್ರು. ಪೀಪಾಯಿಯ ಹೊಟ್ಟೆಯಲ್ಲಿರೋ ತೂತಿನಿಂದ ಕೋಲನ್ನು ಓರೆಯಾಗಿ ಎದುರಿನ ತಳದ ಮೂಲೆಗೆ ಮುಟ್ಟಿಸಿ, ಕೋಲಿನ ಮೇಲಿನ ಗೆರೆ ನೋಡಿ ಪ್ರಮಾಣ ಹೇಳೋದು ಅವರ ಕಸುಬು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹೊಟ್ಟೆಪಾಡಿಗೆ ಇದೇ ಅಬಕಾರಿ ಕೆಲಸ ಮಾಡ್ತಿದ್ದ.

ಅಳೆಯೋ ಸಾಧನ, ಆಮೇಲೆ ಅದು ತೋರಿಸೋ ಅಳತೆ, ಆಮೇಲೆ ಕಣ್ಣಂದಾಜಲ್ಲಿ ಅಳೆಯೋದು: ಅರ್ಥ ಹೀಗೆ ಹಬ್ಬಿದೆ. 'ಜನರ ನಾಡಿ ಹಿಡಿದು ನೋಡೋದು' ಅನ್ನೋ ಅರ್ಥದಲ್ಲಿ ಕ್ರಿಯಾಪದವಾಗಿ ಬಳಸೋದು ಆ ಕೊನೇ ಟಿಸಿಲು.

ಮಾರ್ಟ್‌ಗೇಜ್‌ನಲ್ಲಿರೋದು ಬೇರೆ ಪದ. ಅದರ ಅರ್ಥ ಒತ್ತೆ. ಎಂಗೇಜ್‌ಮೆಂಟ್‌ನಲ್ಲಿ ಇರೋದೂ ಆ ಒತ್ತೆಯೇ, ಮಾತು ಕೊಟ್ಟು ಕಟ್ಟುಬೀಳೋದು. ಅಮೆರಿಕದವರು ಅಳತೆಯ ಗೇಜನ್ನೂ ಎಷ್ಟೋ ಕಡೆ ಯು ಬಿಟ್ಟು (gauge ಬದಲು gage) ಬರೀತಾರೆ, ಅದಕ್ಕೇ ಎರಡೂ ಒಂದೇ ಥರ ಕಾಣೋದು. ಇನ್ನು ಕಾಗುಣಿತದಲ್ಲಿ ಎ, ಯು ಇದೆ ಅಂತ 'ಗಾಜ್' ಅಂತ ಓದಬೇಡಿ, ಅದು ಗಾಯಕ್ಕೆ ಕಟ್ಟೋ ಬಟ್ಟೆ.

ತಂತಿ_ತೂಕ:
ನಂಬರ್ ತಿರುವುಮುರುವಿಗೆ ಉತ್ತರ ತಂತಿ ಎಳೆಯೋ ಕೆಲಸದಲ್ಲೇ ಇದೆ. ಸರಳನ್ನು ಒಂದಕ್ಕಿಂತ ಒಂದು ಸಣ್ಣ ತೂತಿನ ಅಚ್ಚುಗಳಲ್ಲಿ ಎಳೀತಾ ಹೋಗ್ತಾರೆ. ಹೆಚ್ಚು ಸಲ ಎಳೆದಷ್ಟೂ ತಂತಿ ಸಣ್ಣ, ನಂಬರ್ ದೊಡ್ಡದು. ಬ್ರಿಟನ್ನಿನಲ್ಲಿ 1884ರಿಂದ ಕಾಯ್ದೆಬದ್ಧವಾದ ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಪಟ್ಟಿಯೇ ನಮ್ಮ ಅಂಗಡಿಗಳಲ್ಲೂ ನಡೀತಿರೋದು. ಅದರ ಪ್ರಕಾರ 10 ಗೇಜ್ ಅಂದ್ರೆ 3.25 ಮಿ.ಮೀ., 12 ಅಂದ್ರೆ 2.64, 14 ಅಂದ್ರೆ 2.03. ಎರಡು ನಂಬರ್ ತಾನೇ ಅನ್ಕೋಬೇಡಿ: 12ರಿಂದ 14ಕ್ಕೆ ಹೋದ್ರೆ ಕಬ್ಬಿಣ ಸುಮಾರು ನೂರಕ್ಕೆ 40 ಭಾಗ ಕಡಿಮೆ. ಒಂದು ಕೆಜಿಗೆ 12 ಗೇಜ್ ಸುಮಾರು 23 ಮೀಟರ್ ಬರುತ್ತೆ, 14 ಗೇಜ್ 39 ಮೀಟರ್. ಕೆಜಿ ಲೆಕ್ಕದಲ್ಲಿ ಕೊಂಡು ಉದ್ದ ಅಳೆದ್ರೆ ಮೋಸ ತಕ್ಷಣ ಸಿಕ್ಕಿಬೀಳುತ್ತೆ. ಪಿವಿಸಿ ಹೊದಿಸಿದ ತಂತಿಗೆ ಮಾತ್ರ ಈ ಲೆಕ್ಕ ಹಾಕ್ಬೇಡಿ. ಹೊದಿಕೆ ಸೇರಿಸಿ 10 ಗೇಜ್ ಅಂತ ಮಾರ್ತಾರೆ, ಒಳಗೆ 12 ಅಥವಾ 14 ಇರುತ್ತೆ. ತುದಿ ಸುಲಿದು ನೋಡಿ.

ಪ್ಲಾಸ್ಟಿಕ್ ಗೇಜ್‌ಗೆ ಈ ಪಟ್ಟಿ ಸಂಬಂಧವೇ ಇಲ್ಲ. ಅಲ್ಲಿ ಒಂದು ಗೇಜ್ ಅಂದ್ರೆ ಇಂಚಿನ ಲಕ್ಷದಲ್ಲೊಂದು ಭಾಗ, ನೇರ ದಪ್ಪದ ಲೆಕ್ಕ. 100 ಗೇಜ್ ಅಂದ್ರೆ ಸುಮಾರು 25 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ), 80 ಅಂದ್ರೆ 20. 12 ಬೋರ್, ಅಂದ್ರೆ 12 ಗೇಜ್ ಕೋವಿಯ ನಂಬರ್ ಇನ್ನೊಂದು ಥರ: ಒಂದು ಪೌಂಡ್ ಸೀಸದಿಂದ ನಳಿಗೆ ಅಳತೆಯ 12 ಗುಂಡು ಆಗುತ್ತೆ ಅಂತ. ಅಲ್ಲೂ ನಂಬರ್ ದೊಡ್ಡದಾದ್ರೆ ನಳಿಗೆ ಸಣ್ಣ.

ಮೋಟಾರ್_ಕಾಯಿಲ್:
ಮೇಲಿನದಕ್ಕೆ ಒಂದು ಸೇರ್ಪಡೆ. ಪಂಪ್ ಮೋಟಾರ್ ರೀವೈಂಡಿಂಗ್‌ನಲ್ಲಿ ಎಸ್‌ಡಬ್ಲ್ಯುಜಿ, ಅಮೆರಿಕದ ಎಡಬ್ಲ್ಯುಜಿ ಎರಡೂ ಬೆರೆತು ಕಾಯಿಲ್ ಸುಡುತ್ತೆ. 20 ಎಸ್‌ಡಬ್ಲ್ಯುಜಿ 0.914 ಮಿ.ಮೀ., 20 ಎಡಬ್ಲ್ಯುಜಿ 0.812. ತಾಮ್ರ ನೂರಕ್ಕೆ 21 ಭಾಗ ಕಡಿಮೆ ಆಗೋದ್ರಿಂದ ಅದೇ ಕರೆಂಟಿಗೆ ಬಿಸಿ ಜಾಸ್ತಿ, ವೋಲ್ಟೇಜ್ ಇಳಿದ ದಿನ ಹೊಗೆ. ಹಳೇ ತಂತಿ ಅಳೆಯೋವಾಗ ತುದಿಯ ಎನಾಮಲ್ (ತಂತಿಯ ಮೇಲಿನ ಲೇಪ) ಸುಟ್ಟು, ಒರೆಸಿ, ಆಮೇಲೆ ಮೈಕ್ರೋಮೀಟರ್ ಹಿಡೀರಿ. ಎನಾಮಲ್ ಸಮೇತ ಅಳೆದ್ರೆ ಅಳತೆ ದಪ್ಪ ತೋರಿಸುತ್ತೆ.

ನಾಲೆ_ಬಯಲು:
ಡ್ರಿಪ್‌ನ ಪ್ರೆಶರ್ ಗೇಜ್ ಹೊರಗಿನ ಗಾಳಿಯ ಒತ್ತಡವನ್ನೇ ಸೊನ್ನೆ ಅಂತ ಹಿಡಿಯುತ್ತೆ, ಅದಕ್ಕಿಂತ ಎಷ್ಟು ಜಾಸ್ತಿ ಇದೆಯೋ ಅಷ್ಟನ್ನೇ ತೋರಿಸೋದು. ಮುಳ್ಳು 1 ಕೆಜಿ (ಒಂದು ಚದರ ಸೆಂ.ಮೀ.ಗೆ) ಅಂದ್ರೆ ಸುಮಾರು 10 ಮೀಟರ್ ಎತ್ತರದ ನೀರಿನ ಒತ್ತಡ. ಪಂಪ್ ನಿಂತು ನೀರಿಳಿದ ಮೇಲೂ ಮುಳ್ಳು ಸೊನ್ನೆಗೆ ಬರದಿದ್ರೆ ಆ ಗೇಜ್ ಬದಲಾಯಿಸಿ. ಫಿಲ್ಟರಿನ ಮುಂಚೆ, ಆಮೇಲೆ ಎರಡು ಕಡೆ ನೋಡಿ. ವ್ಯತ್ಯಾಸ ಅರ್ಧ ಕೆಜಿ ಮುಟ್ಟಿದ್ರೆ ಫಿಲ್ಟರ್ ತೊಳೀಬೇಕು. ಎರಡು ಅಗ್ಗದ ಗೇಜ್ ಹಾಕೋ ಬದಲು ಒಂದೇ ಗೇಜನ್ನು ಮೂರು ದಾರಿ ವಾಲ್ವ್‌ನಲ್ಲಿ ಎರಡೂ ಕಡೆಗೆ ತಿರುಗಿಸಿ ಓದೋದು ವಾಸಿ. ಗೇಜಿನಲ್ಲೇ ದೋಷ ಇದ್ರೂ ವ್ಯತ್ಯಾಸದಲ್ಲಿ ಕಳೆದುಹೋಗುತ್ತೆ.

ಕೆಆರ್‌ಎಸ್ ಗೇಜ್ ಬರೀ ಎತ್ತರ ಹೇಳುತ್ತೆ, ನೀರೆಷ್ಟು ಅಂತಲ್ಲ. 124.80 ಅಡಿಗೆ 49.45 ಟಿಎಂಸಿ. ಕಣಿವೆ ಮೇಲಕ್ಕೆ ಹೋದಂತೆ ಅಗಲ ಆಗೋದ್ರಿಂದ 62 ಅಡಿಗೆ ಅರ್ಧ ನೀರು ಇರಲ್ಲ, ಅದಕ್ಕಿಂತ ಎಷ್ಟೋ ಕಡಿಮೆ. ಪೇಪರಲ್ಲಿ ಬರೋ ಅಡಿ ನೋಡಿ ನಾಟಿ ಲೆಕ್ಕ ಹಾಕೋರು ಟಿಎಂಸಿನೂ ನೋಡ್ಬೇಕು. ರೈಲಿನ ಗೇಜ್ ಎರಡು ಹಳಿಗಳ ಒಳಅಂಚಿನ ನಡುವಿನ ದೂರ: ಮೈಸೂರು–ಬೆಂಗಳೂರು ಮಾರ್ಗ ಮೊದಲು ಮೀಟರ್ ಗೇಜ್, 1000 ಮಿ.ಮೀ.; ಈಗ ಬ್ರಾಡ್, 1676.

ಮದ್ದೂರು_ತೋಟ:
ತಂತಿ ವಿಷಯ ಗೊತ್ತಾಯ್ತು. 100 ಗೇಜ್ ಅಂತ ಬರೆದಿರೋ ಶೀಟ್ ನಿಜವಾಗಲೂ 25 ಮೈಕ್ರಾನಾ ಅಂತ ಅಂಗಡಿಯಲ್ಲೇ ತಿಳಿಯೋದು ಹೆಂಗೆ?

ತಂತಿ_ತೂಕ:
ತಕ್ಕಡಿಗೆ ಹಾಕ್ಸಿ. ಅಗಲ (ಮೀಟರ್) × ಉದ್ದ (ಮೀಟರ್) × ಮೈಕ್ರಾನ್ × 0.92 (ಪ್ಲಾಸ್ಟಿಕ್ಕಿನ ಸಾಂದ್ರತೆ), ಬಂದದ್ದನ್ನು 1000ದಿಂದ ಭಾಗಿಸಿ. 1.2 ಮೀಟರ್ ಅಗಲ, 400 ಮೀಟರ್ ಉದ್ದದ ರೋಲ್ 25 ಮೈಕ್ರಾನ್ ಇದ್ರೆ 11 ಕೆಜಿ ತೂಗ್ಬೇಕು, 20 ಆದ್ರೆ 8.8. ಒಳಗಿನ ರಟ್ಟಿನ ಕೊಳವೆ ತೂಕ ಕಳೀರಿ. ತೂಕ ಸರಿ ಇದ್ರೂ ಉದ್ದ ಕಡಿಮೆ ಇರಬಹುದು, ಹಾಸೋವಾಗ ಮೊದಲ ರೋಲನ್ನಾದ್ರೂ ಟೇಪ್ ಹಿಡಿದು ಅಳೀರಿ. ಬಿಲ್ಲಲ್ಲಿ ಗೇಜ್ ಬೇಡ, ಮೈಕ್ರಾನ್ ಮತ್ತು ಉದ್ದ ಬರೆಸ್ಕೊಳ್ಳಿ.