ಲೂಪಸ್‌ನಿಂದ ಕಿಡ್ನಿ ಉರಿಯೂತ: ಬಯಾಲಜಿಕ್ ಇಂಜೆಕ್ಷನ್ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಕಿಡ್ನಿ ಡಾಕ್ಟರ್ ಮೇಡಂ ಈಗ ಗುಂಪಿನಲ್ಲಿದ್ದಾರೆ. ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ಬೀಳುವ ಕಾಯಿಲೆ) ಇರುವವರು, ಮನೆಯವರು ಊರಿನ ಹೆಸರು ಹಾಕಿ ಕೇಳಬಹುದು.

ಕುಮಟಾ: ನಮಸ್ಕಾರ ಮೇಡಂ. ಇಂಜೆಕ್ಷನ್ ಹಾಕಿಸಿದರೆ ಮಾತ್ರೆ ಬಿಡಬಹುದಾ?

ಡಾಕ್ಟರ್: ನಮಸ್ಕಾರ. ಇಲ್ಲ, ಬೆಲಿಮುಮ್ಯಾಬ್ ಎಂಬ ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸಿದ ಔಷಧಿ) ಕೊಡುವುದು ಮಾಮೂಲಿ ಔಷಧಿಯ ಜೊತೆಗೇ. 2020ರ ಅಧ್ಯಯನದಲ್ಲಿ ಎರಡು ವರ್ಷದ ನಂತರ, ಅದನ್ನು ಸೇರಿಸಿದವರಲ್ಲಿ 100ಕ್ಕೆ 43 ಜನರ ಕಿಡ್ನಿ ಹತೋಟಿಗೆ ಬಂತು. ಸೇರಿಸದವರಲ್ಲಿ 32. ಲಾಭ ಇದೆ, ಆದರೆ ಎಲ್ಲರಿಗೂ ಅಲ್ಲ.

ಶಿರಸಿ: ಮೇಡಂ, ತಂಗಿಗೆ 24 ವರ್ಷ. ಬಯಾಪ್ಸಿಯಲ್ಲಿ ಕ್ಲಾಸ್ 4, ಅಂದರೆ ತೀವ್ರ ಬಗೆಯ ಉರಿಯೂತ. ಮೈಕೋಫಿನೊಲೇಟ್ (ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ), ಸ್ಟೀರಾಯ್ಡ್ ಶುರುವಾಗಿ ಆರು ತಿಂಗಳಾಯ್ತು. ಮೂತ್ರದಲ್ಲಿ ಇನ್ನೂ 2 ಗ್ರಾಂ ಪ್ರೋಟೀನ್ ಹೋಗ್ತಿದೆ. ರಿಟುಕ್ಸಿಮ್ಯಾಬ್ ಹಾಕೋಣ ಎಂದಿದ್ದಾರೆ. ಮುಖ ಊದಿತು ಅಂತ ಅವಳು ಹೋದ ವಾರ ಸ್ಟೀರಾಯ್ಡ್ ಬಿಟ್ಟು ಅಮೃತಬಳ್ಳಿ ಕಷಾಯ ಕುಡೀತಿದ್ದಾಳೆ. ಹೊಸದಾಗಿ ಮದುವೆಯಾಗಿದೆ.

ಡಾಕ್ಟರ್: ಓದಿ ನನಗೆ ಭಯವಾಯಿತು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ ಆಗಬಹುದು. ಅವಳ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ವಾಂತಿ, ತಲೆಸುತ್ತು ಇದ್ದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಕಷಾಯ ನಿಲ್ಲಿಸಿ. ಲೂಪಸ್‌ನಲ್ಲಿ ರೋಗನಿರೋಧಕ ಶಕ್ತಿ ಕಡಿಮೆ ಆಗಿರುವುದಲ್ಲ, ದಾರಿ ತಪ್ಪಿ ಸ್ವಂತ ಕಿಡ್ನಿಯ ಮೇಲೇ ಬಿದ್ದಿರುತ್ತದೆ. ಅಮೃತಬಳ್ಳಿ ಕುಡಿದು ಅದನ್ನು ಮತ್ತೆ ಕೆಣಕುವುದು ಯಾಕೆ? ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ವರದಿಗಳು ಕೊರೊನಾ ಕಾಲದಲ್ಲಿ ನಮ್ಮ ದೇಶದಿಂದಲೇ ಬಂದಿವೆ.

ರಿಟುಕ್ಸಿಮ್ಯಾಬ್ ಕೂಡ ಬಯಾಲಜಿಕ್ ಇಂಜೆಕ್ಷನ್ನೇ, ರಕ್ತದಲ್ಲಿ ರೋಗನಿರೋಧಕ ಕೆಲಸ ಮಾಡುವ ಬಿ ಕಣಗಳನ್ನು ಕೊಲ್ಲುತ್ತದೆ. 2012ರ ಅಧ್ಯಯನದಲ್ಲಿ ಮೊದಲಿನಿಂದಲೇ ಸೇರಿಸಿ ಕೊಟ್ಟಾಗ ಹೆಚ್ಚಿನ ಲಾಭ ಸಾಬೀತಾಗಲಿಲ್ಲ. ಆದರೂ ಬೇರೆ ಔಷಧಿಗೆ ಬಗ್ಗದ ಕಾಯಿಲೆಗೆ ಬಳಸುತ್ತೇವೆ. ಹಾಕುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಅಡಗಿದ್ದ ವೈರಸ್ ಎದ್ದು ಬರಬಹುದು. ಟಿಬಿ ನೋಡಿಸಿ. ಲಸಿಕೆಗಳ ಬಗ್ಗೆಯೂ ಮೊದಲೇ ಕೇಳಿ. ಇನ್ನೊಂದು, ಅವಳು ಮಾತ್ರೆ ಸರಿಯಾಗಿ ನುಂಗಿದ್ದಾಳಾ? ಗದರಿಸದೆ ಕೇಳಿ.

ಮೈಕೋಫಿನೊಲೇಟ್ ನಡೆಯುವಾಗ ಗರ್ಭ ನಿಲ್ಲಬಾರದು, ಮಗುವಿಗೆ ಊನ ಬರಬಹುದು. ಮಕ್ಕಳೇ ಆಗುವುದಿಲ್ಲ ಅಂತಲ್ಲ. ಕಾಯಿಲೆ ಆರು ತಿಂಗಳಾದರೂ ತಣ್ಣಗಿರಲಿ, ಆಮೇಲೆ ಅಜಥಯೋಪ್ರಿನ್ ಎಂಬ ಬೇರೆ ಮಾತ್ರೆಗೆ ಬದಲಿಸಿ ಯೋಚಿಸಬಹುದು. ಗಂಡನ ಮನೆಯವರಿಗೂ ಇದನ್ನು ತಿಳಿಸಿ ಹೇಳಿ.

ಅಂಕೋಲಾ: ಅಮೃತಬಳ್ಳಿಗೆ ಹೀಗೆಲ್ಲ ಹೇಳಬೇಡಿ ಮೇಡಂ. ಅಜ್ಜಿ ಕಾಲದಿಂದ ಕುಡೀತಿದ್ದೇವೆ.

ಕಾರವಾರ: ನಿಮ್ಮ ಅಜ್ಜಿಗೆ ಲೂಪಸ್ ಇತ್ತಾ?

ಅಂಕೋಲಾ: ಅಜ್ಜಿ ಸುದ್ದಿ ನಿಮಗೆ ಬೇಡ. ಇಂಗ್ಲಿಷ್ ಮದ್ದಿನಿಂದಲೇ ಕಿಡ್ನಿ ಹೋಗೋದು. ಬಿಂಬುಳಿ (ಹುಳಿ ಕಾಯಿ) ರಸದ ವಿಡಿಯೋ ಹಾಕಿದ್ದೇನೆ, ಎಲ್ಲರೂ ನೋಡಿ.

ಡಾಕ್ಟರ್: ಆ ವಿಡಿಯೋ ತೆಗೆಯಿರಿ. ಬಿಂಬುಳಿಯಲ್ಲಿ ಆಕ್ಸಲೇಟ್ ತುಂಬಾ ಇದೆ, ಅದು ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಕೇರಳದಲ್ಲಿ ಆ ರಸ ಕುಡಿದ ಕೆಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಫಾರ್ವರ್ಡ್ ಮಾಡಿದವರು ಆಗ ಜೊತೆಗೆ ಬರುವುದಿಲ್ಲ.

ಭಟ್ಕಳ: ಇಂಜೆಕ್ಷನ್ ಶುರುವಾದ ಮೇಲೆ ಮಾತ್ರೆ ನಿಲ್ಲಿಸಬಹುದಾ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಹೊನ್ನಾವರ: ಖರ್ಚು ಎಷ್ಟಾಗಬಹುದು? ಸರ್ಕಾರಿ ಕಾರ್ಡಿನಲ್ಲಿ ಸಿಗುತ್ತಾ?

ಯಲ್ಲಾಪುರ: ಜಿಲ್ಲೆಯಲ್ಲಿ ಇದಕ್ಕೆಲ್ಲ ಒಂದು ದೊಡ್ಡ ಆಸ್ಪತ್ರೆ ಇಲ್ಲ. ಮಣಿಪಾಲ, ಹುಬ್ಬಳ್ಳಿ ಅಂತ ಓಡಬೇಕು. ಮಳೆಗಾಲದಲ್ಲಿ ಘಟ್ಟ ಕುಸಿದರೆ ಮುಗೀತು.

ಕಾರವಾರ: ಅದನ್ನು ಎಂಎಲ್‌ಎ ಹತ್ರ ಹೇಳಿ.

ಯಲ್ಲಾಪುರ: ನಿಮಗೇನು, ಗೋವಾ ಹತ್ತಿರ ಇದೆ.

ಕಾರವಾರ: ಹತ್ತಿರ ಇದ್ದರೆ ಸುಮ್ನೆ ಮಾಡ್ತಾರಾ? ಅಲ್ಲೂ ಸಾಲಿನಲ್ಲಿ ನಿಲ್ಲಬೇಕು.

ಡಾಕ್ಟರ್: ಜಗಳ ಸಾಕು. ಬಯಾಲಜಿಕ್ ಹಾಕಿಸಿಕೊಂಡವರು ಮಳೆಗಾಲದಲ್ಲಿ ಜ್ವರ ಬಂದರೆ ಒಂದು ದಿನವೂ ಮನೆಯಲ್ಲಿ ಕಾಯಬೇಡಿ. ಗದ್ದೆ ಕೆಲಸದವರಿಗೆ ಇಲಿಜ್ವರದ ಭಯ ಇದ್ದೇ ಇದೆ. ಮೆಡಿಕಲ್‌ನಿಂದ ನೋವಿನ ಮಾತ್ರೆ ನೀವೇ ತಂದು ನುಂಗಬೇಡಿ.

ಶಿರಸಿ: ಫೋನ್ ಮಾಡಿದೆ ಮೇಡಂ. ಸ್ಟೀರಾಯ್ಡ್ ಈಗಲೇ ಶುರು ಮಾಡಿ, ಬೆಳಿಗ್ಗೆ ಕರೆತನ್ನಿ ಎಂದರು. ಮೈಕೋಫಿನೊಲೇಟ್ ಕೂಡ ಆಗಾಗ ಬಿಡ್ತಿದ್ದಳಂತೆ.

ಡಾಕ್ಟರ್: ಅದನ್ನೇ ಮೊದಲು ಅವರಿಗೆ ಹೇಳಿ. ರಿಟುಕ್ಸಿಮ್ಯಾಬ್ ಬೇಕಾ ಅನ್ನುವ ಲೆಕ್ಕವೇ ಬದಲಾಗಬಹುದು.

ಅಂಕೋಲಾ: ನನ್ನ ವಿಡಿಯೋ ಅಳಿಸಿದ್ದು ಯಾರು?

ಅಡ್ಮಿನ್: ನಾನೇ. ಮತ್ತೆ ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.