ಸಹಾಯ ಬೇಕು: ಮಗಳಿಗೆ ಬಾರ್ಡರ್‌ಲೈನ್ ಇರಬಹುದಾ?

ಎಲ್ರಿಗೂ ನಮಸ್ಕಾರ. ನಾವು ಹಾಸನದವರು, ಮಗಳಿಗೆ 16, ಪಿಯುಸಿ ಓದ್ತಿದಾಳೆ. ವರ್ಷದ ಮೇಲಾಯ್ತು, ಬೆಳಿಗ್ಗೆ ಅಮ್ಮಾ ನೀನಿಲ್ದೆ ಆಗಲ್ಲ ಅಂತ ತಬ್ಕೋತಾಳೆ, ಸಂಜೆ ಫ್ರೆಂಡ್ ರಿಪ್ಲೈ ಮಾಡ್ಲಿಲ್ಲ ಅಂತ ಬಾಗಿಲು ಹಾಕ್ಕೊಂಡು ನಾನು ಯಾರಿಗೂ ಬೇಡ ಅಂತ ಕಿರುಚಾಡ್ತಾಳೆ, ಸೆಕೆಯಲ್ಲೂ ಫುಲ್ ಸ್ಲೀವ್ಸ್ ಯಾಕೆ ಅಂತ ನೋಡಿದ್ರೆ ಕೈ ತುಂಬ ಗಾಯ, ಕರುಳು ಕಿತ್ತು ಬಂತು. ಡಾಕ್ಟ್ರು ಬಾರ್ಡರ್‌ಲೈನ್ ಪರ್ಸನಾಲಿಟಿ (ಭಾವನೆ, ಸಂಬಂಧ ಎಲ್ಲಾ ತೀರಾ ಏರುಪೇರಾಗೋ ಮಾನಸಿಕ ಸಮಸ್ಯೆ) ಇರಬಹುದು, ಆದ್ರೆ 18 ಆಗದೆ ಹೇಳಕ್ಕಾಗಲ್ಲ ಅಂದ್ರು, ಅವರು ಕೊಟ್ಟ ಮಾತ್ರೆಯಿಂದ ನಿದ್ದೆ ಬರುತ್ತೆ ಅಷ್ಟೇ. ಒಂದು ವರ್ಷ ಹಿಂಗೇ ಇದ್ರೆ 18ರ ಒಳಗೂ ಹೇಳಬಹುದು, ಡಿಬಿಟಿ ಥೆರಪಿ (ಭಾವನೆಗಳನ್ನ ಹಿಡಿತದಲ್ಲಿ ಇಟ್ಕೊಳ್ಳೋದು ಕಲಿಸೋ ಮಾತಿನ ಚಿಕಿತ್ಸೆ) ಕೆಲಸ ಮಾಡುತ್ತೆ ಅಂತ ಓದಿದೀನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡ್ದೆ, ಸಮಾಧಾನವಾಗಿ ಕೇಳಿಸ್ಕೊಂಡ್ರು. ಈಗ 18ರವರೆಗೆ ಕಾಯೋದಾ, ಇಲ್ಲ ನಿಮ್ಹಾನ್ಸ್ ಮಕ್ಕಳ ವಿಭಾಗಕ್ಕೆ ಕರ್ಕೊಂಡು ಹೋಗೋದಾ? ಈ ವಯಸ್ಸಿನ ಮಕ್ಕಳಿಗೆ ಕನ್ನಡದಲ್ಲಿ ಡಿಬಿಟಿ ಕೊಡಿಸಿದವರು ಇದ್ರೆ, ಎಲ್ಲಿ ಕೊಡಿಸಿದ್ರಿ ಹೇಳ್ತೀರಾ?