4294967297 ಅವಿಭಾಜ್ಯ ಏನು? ರಾಯಚೂರು ಮಂದಿ ಹೇಳ್ರಿ

ಮಾನ್ವಿ ಮಾಸ್ತರ: ನಿನ್ನೆ ಹತ್ತನೇ ಕ್ಲಾಸಿನ ಹುಡುಗರಿಗೆ ಬೋರ್ಡಿನ ಮ್ಯಾಲೆ 4294967297 ಬರದು, ಒಡೀರಿ ಅಂದೆ. ಅಂಕಿ ಕೂಡಿದ್ರ 59, ಅಂದ್ರ 3ಕ್ಕ ಹೋಗಂಗಿಲ್ಲ. 7, 11, 13ಕ್ಕೂ ಇಲ್ಲ. ಅವಿಭಾಜ್ಯ ಅಂತ ಕೈ ಬಿಟ್ರು. ಇದು 2ರ 32ನೇ ಘಾತಕ್ಕ 1 ಕೂಡಿಸಿದ್ದು. 1640ರಾಗ ಫ್ರಾನ್ಸಿನ ಗಣಿತಜ್ಞ ಫರ್ಮಾ ಸಹಿತ, 2ರ 1, 2, 4, 8, 16, 32 ಹಿಂಗ ದುಪ್ಪಟ್ಟಾಗೋ ಘಾತಕ್ಕ 1 ಕೂಡಿಸಿದ್ದೆಲ್ಲಾ ಅವಿಭಾಜ್ಯ ಅಂತ ನಂಬಿದ್ದ. 1732ರಾಗ ಸ್ವಿಸ್ ಗಣಿತಜ್ಞ ಆಯ್ಲರ್ 641 × 6700417 ಅಂತ ಒಡದ. ಕ್ಯಾಲ್ಕುಲೇಟರ್ ಮುಟ್ಟದ ಇದನ್ನ ಕಲಿಸಬೇಕು ಅಂತೀನಿ.

ದೇವದುರ್ಗ ಕೋಡರ್: ಮುಟ್ಟದ ಯಾಕ್ರಿ? ನಾಕು ಸಾಲು ಪ್ರೋಗ್ರಾಂ ಬರದ್ರ ಕಣ್ಣು ಮುಚ್ಚಿ ತೆಗೆಯೋದ್ರಾಗ 641 ಬರ್ತದ.

ಮಾನ್ವಿ ಮಾಸ್ತರ: 641 ಬರ್ತದ, ಯಾಕ ಅನ್ನೋದು ಬರಂಗಿಲ್ಲ. 5 × 128 = 640. 641ಕ್ಕ 1 ಕಮ್ಮಿ, ಅಂದ್ರ 641ರಿಂದ ಭಾಗಿಸಿದ್ರ ಶೇಷ −1 ಅಂತ ಹಿಡೀರಿ. ಎರಡೂ ಕಡೆ ನಾಲ್ಕನೇ ಘಾತಕ್ಕ ಏರಿಸ್ರಿ: 5⁴ × 2²⁸ರ ಶೇಷ 1. ಆದ್ರ 5⁴ ಅಂದ್ರ 625, ಅಂದ್ರ 641ಕ್ಕ 16 ಕಮ್ಮಿ. ಅದರ ಜಾಗದಾಗ −2⁴ ಇಡ್ರಿ, −2³²ರ ಶೇಷ 1 ಆತು. 2³² + 1 ಪೂರ್ತಿ ಹೋತು. ಒಂದು ಪಾಟಿ ಸಾಕು.

ಸಿಂಧನೂರು ಗಿರಣಿ ಲೆಕ್ಕ: ಮದಲ ಆ ಸಂಖ್ಯಾ ಓದಾಕ ಬರೋ ಹಂಗ ಬರೀರಿ. 4,29,49,67,297. ನಾನೂರಾ ಇಪ್ಪತ್ತೊಂಬತ್ತು ಕೋಟಿ. ಕಾಮಾ ಇಲ್ಲದ ಬಿಲ್ಲಿನಾಗ ಏಳು ಲಕ್ಷನ್ನ ಎಪ್ಪತ್ತು ಸಾವಿರ ಅಂತ ಓದಿ ಒಂದಿಡೀ ರಾತ್ರಿ ಪುಸ್ತಕ ತಿರುವಿದಾಂವ ನಾನು.

ದೇವದುರ್ಗ ಕೋಡರ್: ಇಡೀ ಜಗತ್ತು 4,294,967,297 ಅಂತ ಬರೀತದ. ಕೋಟಿ ಹಿಡ್ಕೊಂಡು ಕುಂತ್ರ ಹುಡುಗರು ಹೊರಗ ಹೋಗಿ ತಡವರಿಸ್ತಾರ.

ಸಿಂಧನೂರು ಗಿರಣಿ ಲೆಕ್ಕ: ತಡವರಿಸೋದು ಯಾರ್ರಿ? ಎಪಿಎಂಸಿಗೆ ಬರ್ರಿ, ಒಬ್ಬ ರೈತನ ಮುಂದ ಮಿಲಿಯನ್ ಅಂದು ನೋಡ್ರಿ. ನಮ್ಮ ಮಂದಿ ಎಣಿಸೋದು ಲಕ್ಷ, ಕೋಟಿ.

ದೇವದುರ್ಗ ಕೋಡರ್: ರೈತ ಅವಿಭಾಜ್ಯ ಸಂಖ್ಯೆ ಮಾರಾಕ ಬಂದಿಲ್ಲ!

ಸಿಂಧನೂರು ಗಿರಣಿ ಲೆಕ್ಕ: ರೈತನ ಮಾತು ಹಗುರ ಮಾಡಬ್ಯಾಡ ತಮ್ಮ. ನಾನೂ ರೈತನ ಮಗನ.

ಲಿಂಗಸುಗೂರು ಅಕ್ಕೋರು: ಕಾಮಾ ಜಗಳ ಬಿಡ್ರಿ. ಮಾಸ್ತರ, ನಿಮ್ಮದು ಒರೆ ಹಚ್ಚೋದು ಆತು, ಹುಡುಕೋದು ಆಗ್ಲಿಲ್ಲ. 641 ಕೈಗೆ ಸಿಕ್ಕ ಮ್ಯಾಲೆ ಯಾರಾದ್ರೂ ತೋರಿಸ್ತಾರ. ಆಯ್ಲರನ ಜಾಣತನ ಇರೋದು ಇಲ್ಲಿ: ಇದರ ಅಪವರ್ತನ 64ರ ಅಪವರ್ತ್ಯಕ್ಕ 1 ಕೂಡಿಸಿದ್ದನ ಆಗಿರಬೇಕು. ಅಂಥ ಅವಿಭಾಜ್ಯಗಳು 193, 257, 449, 577. ಐದನೇದ 641.

ಮಾನ್ವಿ ಮಾಸ್ತರ: "ಯಾರಾದ್ರೂ" ಅಂದ್ರ ಏನ್ರಿ ಅಕ್ಕೋರ? ಇಪ್ಪತ್ತು ವರ್ಷ ಸೀಮೆಸುಣ್ಣ ಹಿಡಿದೀನಿ.

ದೇವದುರ್ಗ ಕೋಡರ್: ಫರ್ಮಾನ ಊಹೆನ ಕೆಟ್ಟ ಮ್ಯಾಲೆ ಇಷ್ಟು ಯಾಕ?

ಲಿಂಗಸುಗೂರು ಅಕ್ಕೋರು: ಊಹೆ ಸುಳ್ಳಾತು ಖರೆ, ಆದ್ರ ವ್ಯರ್ಥ ಆಗ್ಲಿಲ್ಲ. ಆ ಸಾಲಿನ ಮದಲಿನ ಐದು, 3, 5, 17, 257, 65537, ಅವಿಭಾಜ್ಯನ ಅದಾವ. 1796ರಾಗ ಜರ್ಮನಿಯ ಗಣಿತಜ್ಞ ಗೌಸ್ 17 ಬಾಹುಗಳ ಸಮ ಆಕೃತಿಯನ್ನ ಬರೇ ಪಟ್ಟಿ, ಕೈವಾರದಿಂದ ಬರೀಬಹುದು ಅಂತ ತೋರಿಸಿದ್ದು ಈ ಸಾಲಿನ ಸಂಖ್ಯೆಯಿಂದನ. ಇನ್ನು 6700417 ಒಡೆಯಂಗಿಲ್ಲ ಅಂತ ಇಲ್ಲಿ ಯಾರು ತೋರಿಸಿದ್ರಿ? ವರ್ಗಮೂಲ 2588. ಅದರೊಳಗ ಆ ರೂಪದವು 40 ಅದಾವ, ಕುಂತು ಭಾಗಿಸ್ರಿ.

ದೇವದುರ್ಗ ಕೋಡರ್: ಕೈಲೆನ ಹಚ್ಚೀನಿ. 193ಕ್ಕ ಶೇಷ 36, 577ಕ್ಕ 293. ಆದ್ರೂ ಪ್ರೋಗ್ರಾಂ ಬೇಕ ಬೇಕು.

ಸಿಂಧನೂರು ಗಿರಣಿ ಲೆಕ್ಕ: 67,00,417 ಅಂತ ಬರೀರಿ.